ಆರ್‌ವಿ ಕ್ಯಾಂಪಿಂಗ್‌ಗೆ ಸದ್ದು ಕಡಿಮೆಯ ಜನರೇಟರ್ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಜನರೇಟರ್ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘48 ಡೆಸಿಬಲ್’ ಎಂದು ಬರೆದಿರುತ್ತದೆ. ಡೆಸಿಬಲ್ ಅಂದರೆ ಸದ್ದಿನ ಅಳತೆ. ಆ ಅಂಕಿ ಸುಳ್ಳಲ್ಲ. ಆದರೆ ಆರ್‌ವಿಯ, ಅಂದರೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಪ್ರವಾಸದ ಗಾಡಿಯ ಎಸಿ ಶುರುವಾದ ಕ್ಷಣದಿಂದ ಅದು ನಿಜವೂ ಅಲ್ಲ.

ಹೋಂಡಾ ಇಯು2200ಐ ಅನ್ನೇ ನೋಡಿ. ಕಾಲು ಭಾಗ ಲೋಡ್‌ನಲ್ಲಿ 48 ಡೆಸಿಬಲ್, ಪೂರ್ತಿ ಲೋಡ್‌ನಲ್ಲಿ 57 ಎಂದು ಕಂಪನಿಯೇ ಹೇಳುತ್ತದೆ. ಈ 9 ಡೆಸಿಬಲ್ ವ್ಯತ್ಯಾಸ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಸದ್ದಿನಂತೆ ಕೇಳುತ್ತದೆ. ಯಂತ್ರ ಅದೇ. ಬದಲಾಗಿದ್ದು ನೀವು ಅದರ ಮೇಲೆ ಹೊರಿಸಿದ ಭಾರ ಮಾತ್ರ.

ಹಾಗಾಗಿ ನನ್ನ ಪ್ರಕಾರ ಸದ್ದಿಲ್ಲದ ಜನರೇಟರ್ ಹುಡುಕಾಟ ಅಂಗಡಿಯಲ್ಲಿ ಶುರುವಾಗಬಾರದು. ಗಾಡಿಯ ಒಳಗೆ, ಒಂದು ಪೆನ್ನು ಮತ್ತು ಹಾಳೆ ಹಿಡಿದು ಶುರುವಾಗಬೇಕು. ಈ ಕೆಲಸ ಬಿಟ್ಟು ಯಾವ ಯಂತ್ರ ಕೊಂಡರೂ ಅದು ಕೂಗುತ್ತಲೇ ಇರುತ್ತದೆ.

ಹಂತ 1: ಯಾವುದು ಎಷ್ಟು ಕುಡಿಯುತ್ತದೆ ಎಂದು ಬರೆಯಿರಿ

ಪ್ರತಿ ಉಪಕರಣದ ಹಿಂದೆ ಒಂದು ಪುಟ್ಟ ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ವ್ಯಾಟ್ ಇದ್ದರೆ ಹಾಗೇ ಬರೆದುಕೊಳ್ಳಿ. ಆಂಪಿಯರ್ ಮಾತ್ರ ಇದ್ದರೆ ಅದನ್ನು ವೋಲ್ಟ್‌ನಿಂದ ಗುಣಿಸಿ. 120 ವೋಲ್ಟ್ ಗಾಡಿಯಲ್ಲಿ 10 ಆಂಪಿಯರ್ ಅಂದರೆ 1200 ವ್ಯಾಟ್. 230 ವೋಲ್ಟ್ ಇರುವ ಕಡೆ ಅದೇ 10 ಆಂಪಿಯರ್ 2300 ವ್ಯಾಟ್ ಆಗುತ್ತದೆ.

ಅಂದಾಜಿಗೆ ಕೆಲವು ಅಂಕಿಗಳು. ಲ್ಯಾಪ್‌ಟಾಪ್ 60ರಿಂದ 90 ವ್ಯಾಟ್. ಗ್ಯಾಸ್ ಮತ್ತು ಕರೆಂಟ್ ಎರಡರಲ್ಲೂ ನಡೆಯುವ ಆರ್‌ವಿ ಫ್ರಿಜ್ ಕರೆಂಟ್‌ನಲ್ಲಿದ್ದರೆ 300ರಿಂದ 400. ಕಾಫಿ ಮೇಕರ್ 800ರಿಂದ 1000. ಮೈಕ್ರೋವೇವ್ ವಿಷಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಮುಂಭಾಗದಲ್ಲಿ 1000 ವ್ಯಾಟ್ ಎಂದು ಬರೆದಿರುವುದು ಒಳಗಿನ ಆಹಾರಕ್ಕೆ ಸಿಗುವ ಶಕ್ತಿ. ಗೋಡೆಯಿಂದ ಅದು ಎಳೆಯುವುದು ಸುಮಾರು 1500.

ಎಲ್ಲರೂ ಮರೆಯುವ ಎರಡು ಐಟಂ ಇವೆ. ಒಂದು, ಗಾಡಿಯ ಬ್ಯಾಟರಿ ಚಾರ್ಜರ್, ಅಂದರೆ ಕನ್ವರ್ಟರ್. ಅದು ಎಲ್ಲೋ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ಆದರೆ ಬ್ಯಾಟರಿ ಬರಿದಾಗಿದ್ದಾಗ 55 ಆಂಪಿಯರ್‌ನ ಕನ್ವರ್ಟರ್ 900 ವ್ಯಾಟ್‌ವರೆಗೂ ಎಳೆಯಬಲ್ಲದು. ಇನ್ನೊಂದು, ನೀರು ಕಾಯಿಸುವ ಹೀಟರ್‌ನ ಕರೆಂಟ್ ಕಾಯಿಲ್. ಅದೊಂದೇ 1400 ವ್ಯಾಟ್ ದಾಟುತ್ತದೆ. ನಾನು ಇಡೀ ಒಂದು ಬೆಳಗ್ಗೆ ಜನರೇಟರ್ ಪದೇಪದೇ ಟ್ರಿಪ್ ಆಗುತ್ತಿದೆ ಎಂದು ಅದಕ್ಕೆ ಬೈದುಕೊಂಡಿದ್ದೆ. ಕೊನೆಗೆ ನೋಡಿದರೆ ಹಿಂದಿನ ಕ್ಯಾಂಪಿನಲ್ಲಿ ಒತ್ತಿದ್ದ ಹೀಟರ್ ಸ್ವಿಚ್ ಹಾಗೇ ಆನ್ ಇತ್ತು.

ಪಟ್ಟಿ ಆದ ಮೇಲೆ ಎಲ್ಲವನ್ನೂ ಕೂಡಿಸಬೇಡಿ. ಒಟ್ಟಿಗೆ ನಡೆಯಲೇಬೇಕಾದವು ಯಾವುವು ಎಂದು ಕೇಳಿಕೊಳ್ಳಿ. ಫ್ರಿಜ್ ಮತ್ತು ನೀರಿನ ಹೀಟರ್ ಗ್ಯಾಸ್‌ನಲ್ಲಿ ನಡೆಯುತ್ತವೆ ಅಲ್ವಾ? ಅವನ್ನು ಹೊಡೆದುಹಾಕಿ. ಮೈಕ್ರೋವೇವ್ ಐದು ನಿಮಿಷದ ಮಾತು, ಅಷ್ಟು ಹೊತ್ತು ಎಸಿ ನಿಲ್ಲಿಸಬಹುದು. ಹೀಗೆ ಕಡಿಮೆ ಮಾಡುತ್ತಾ ಹೋದರೆ ಎಷ್ಟೋ ಗಾಡಿಗಳ ಲೆಕ್ಕ 1000 ವ್ಯಾಟ್ ಒಳಗೇ ನಿಲ್ಲುತ್ತದೆ. ಎಸಿ ಒಂದನ್ನು ಬಿಟ್ಟು.

ಹಂತ 2: ಎಸಿ ಬೇಕೇ ಬೇಕಾ?

ಇಡೀ ನಿರ್ಧಾರ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಬೇಡ ಎಂದರೆ 2000 ವ್ಯಾಟ್ ಆಸುಪಾಸಿನ, ಕೈಯಲ್ಲಿ ಎತ್ತಬಹುದಾದ ಸಣ್ಣ ಇನ್ವರ್ಟರ್ ಜನರೇಟರ್ ಸಾಕು. ನೇರವಾಗಿ ಹಂತ 4ಕ್ಕೆ ಹೋಗಬಹುದು.

ಬೇಕು ಎಂದರೆ ಸ್ವಲ್ಪ ಕೂತು ಲೆಕ್ಕ ಹಾಕಬೇಕು. ಚಾವಣಿ ಮೇಲೆ ಕೂರುವ 13,500 ಬಿಟಿಯು (ತಂಪು ಮಾಡುವ ಸಾಮರ್ಥ್ಯದ ಅಳತೆ) ಎಸಿ ನಡೆಯುವಾಗ ಸುಮಾರು 1300ರಿಂದ 1700 ವ್ಯಾಟ್ ಎಳೆಯುತ್ತದೆ. 15,000 ಬಿಟಿಯು ಆದರೆ ಇನ್ನೂ ಸ್ವಲ್ಪ ಜಾಸ್ತಿ. ಇದು ನಿಭಾಯಿಸಬಹುದಾದ ಭಾರವೇ. ತೊಂದರೆ ಇರುವುದು ಶುರುವಾಗುವ ಗಳಿಗೆಯಲ್ಲಿ. ನಿಂತ ಕಂಪ್ರೆಸರ್ ತಿರುಗಲು ಒಂದು ಸೆಕೆಂಡಿಗೂ ಕಡಿಮೆ ಹೊತ್ತು 3000 ವ್ಯಾಟ್ ಅಥವಾ ಅದಕ್ಕೂ ಮೇಲೆ ಕೇಳುತ್ತದೆ. ಸಣ್ಣ ಜನರೇಟರ್ ಆ ಏಟಿಗೆ ಕೈಚೆಲ್ಲುತ್ತದೆ.

ಇದಕ್ಕೆ ಹಳೆಯ ಉತ್ತರ: ದೊಡ್ಡ ಜನರೇಟರ್ ತಗೊಳ್ಳಿ. ಒಂದು ಸೆಕೆಂಡಿನ ಹಸಿವಿಗೆ ಇಡೀ ಪ್ರವಾಸ 60 ಕೆಜಿ ಹೊತ್ತು ತಿರುಗುವ ಲೆಕ್ಕ ಅದು. ಹೊಸ ಉತ್ತರ ಸಾಫ್ಟ್ ಸ್ಟಾರ್ಟರ್. ಎಸಿಯ ಒಳಗೆ ಕಂಪ್ರೆಸರ್ ವೈರುಗಳಿಗೆ ಜೋಡಿಸುವ ಸಣ್ಣ ಪೆಟ್ಟಿಗೆ ಇದು. ಕಂಪ್ರೆಸರನ್ನು ಒಮ್ಮೆಲೇ ಎಬ್ಬಿಸದೆ ನಿಧಾನವಾಗಿ ವೇಗಕ್ಕೆ ತರುತ್ತದೆ. ಶುರುವಿನ ಕರೆಂಟ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಇದನ್ನು ಹಾಕಿದ 13,500 ಬಿಟಿಯು ಎಸಿಯನ್ನು 2200 ವ್ಯಾಟ್ ಜನರೇಟರ್ ಸಾಮಾನ್ಯವಾಗಿ ಎಬ್ಬಿಸಬಲ್ಲದು. ಜನರೇಟರ್‌ಗೆ ಇಟ್ಟ ಹಣದಲ್ಲಿ ಸ್ವಲ್ಪ ತೆಗೆದು ಇದಕ್ಕೆ ಹಾಕಿ ಎಂದೇ ನಾನು ಹೇಳುವುದು. ಎಸಿಯ ಕೆಪಾಸಿಟರ್ ಎಂಬ ಭಾಗದಲ್ಲಿ ಸ್ವಿಚ್ ಆಫ್ ಆದ ಮೇಲೂ ಕರೆಂಟ್ ಉಳಿದಿರುತ್ತದೆ, ಆದ್ದರಿಂದ ವೈರಿಂಗ್ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಯಲ್ಲೇ ಹಾಕಿಸಿ.

ಎಬ್ಬಿಸುತ್ತದೆ ನಿಜ. ಆದರೆ ಆ ಪುಟ್ಟ ಯಂತ್ರ ಆಮೇಲೆ ತನ್ನ ಶಕ್ತಿಯ ಕೊನೆಯ ಅಂಚಿನಲ್ಲೇ ಓಡುತ್ತಿರುತ್ತದೆ. ಅಂದರೆ 48 ಅಲ್ಲ, 57 ಡೆಸಿಬಲ್. ಪ್ರತಿ ಮಧ್ಯಾಹ್ನವೂ ಎಸಿ ಬೇಕು ಎನ್ನುವವರಿಗೆ 3000 ವ್ಯಾಟ್ ದರ್ಜೆಯ ಇನ್ವರ್ಟರ್ ಜನರೇಟರ್ ನೆಮ್ಮದಿ. ಅದೇ ಭಾರವನ್ನು ಅದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಲೋಡ್‌ನಲ್ಲಿ, ಉಸಿರು ಕಟ್ಟದೆ ಹೊರುತ್ತದೆ. ಅಪರೂಪಕ್ಕೆ ಬೇಕು ಎನ್ನುವವರಿಗೆ ಸಣ್ಣದು ಮತ್ತು ಸಾಫ್ಟ್ ಸ್ಟಾರ್ಟರ್.

ಹಂತ 3: ಎರಡು ವ್ಯಾಟ್ ಅಂಕಿಗಳನ್ನು ಬೇರೆ ಮಾಡಿ

ಪೆಟ್ಟಿಗೆ ಮೇಲಿನ ದೊಡ್ಡ ಅಂಕಿ ಕೆಲವೇ ಕ್ಷಣ ಕೊಡಬಲ್ಲ ಗರಿಷ್ಠ ಶಕ್ತಿ. ನೀವು ನೋಡಬೇಕಾದ್ದು ಗಂಟೆಗಟ್ಟಲೆ ಕೊಡಬಲ್ಲ ಅಂಕಿ. 2200 ಎಂದು ಹೆಸರಲ್ಲಿರುವ ಹೋಂಡಾ ನಿರಂತರವಾಗಿ ಕೊಡುವುದು 1800. ಯಮಹಾ ಇಎಫ್2000ಐಎಸ್‌ನದು 1600. ನಿಮ್ಮ ಹಾಳೆಯ ಮೊತ್ತ ಈ ಎರಡನೇ ಅಂಕಿಯ ಮುಕ್ಕಾಲು ಭಾಗ ಮೀರದಂತೆ ನೋಡಿಕೊಳ್ಳಿ.

ಇನ್ನೊಂದು ಕಡಿತ ಇದೆ. ಬೆಟ್ಟದ ಮೇಲೆ ಗಾಳಿ ತೆಳು, ಇಂಜಿನ್ ಸೊರಗುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ 3.5ರಷ್ಟು ಶಕ್ತಿ ಕಳೆಯಿರಿ. 2400 ಮೀಟರ್‌ನಲ್ಲಿ ಇದು ಶೇ 28. 1800 ವ್ಯಾಟ್ ಯಂತ್ರ ಅಲ್ಲಿ 1300 ವ್ಯಾಟ್ ಯಂತ್ರ. ಎತ್ತರದ ಜಾಗಕ್ಕೆಂದು ಕಾರ್ಬೊರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಒಳಗಿನ ಜೆಟ್, ಅಂದರೆ ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು ಬದಲಿಸಿದರೂ ಈ ನಷ್ಟ ತಪ್ಪುವುದಿಲ್ಲ, ಇಂಜಿನ್ ಹೊಗೆ ಕಾರದೆ ಸರಿಯಾಗಿ ಓಡುತ್ತದೆ ಅಷ್ಟೆ. ಪುಣ್ಯಕ್ಕೆ ಅಷ್ಟು ಮೇಲೆ ಹೋದರೆ ಎಸಿ ಬೇಕಾಗುವುದೂ ಕಡಿಮೆ.

ಹಂತ 4: ಇನ್ವರ್ಟರ್ ಮಾದರಿಯನ್ನೇ ಆರಿಸಿ

ಇಲ್ಲಿ ಚರ್ಚೆಗೆ ಜಾಗವೇ ಇಲ್ಲ. ಕಟ್ಟಡ ಕೆಲಸದ ಕಡೆ ಕಾಣುವ, ಪೈಪ್ ಚೌಕಟ್ಟಿನೊಳಗಿನ ತೆರೆದ ಜನರೇಟರ್ ಅಗ್ಗ ಮತ್ತು ಗಟ್ಟಿಮುಟ್ಟು. ಕ್ಯಾಂಪಿಂಗ್‌ಗೆ ಮಾತ್ರ ಬೇಡ. ಅದರ ಕರೆಂಟ್‌ನ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದು, ನೇರವಾಗಿ ಇಂಜಿನ್ ತಿರುಗುವ ವೇಗಕ್ಕೆ ಕಟ್ಟುಬಿದ್ದಿದೆ. 60 ಹರ್ಟ್ಸ್ ಬೇಕೆಂದರೆ ಸಾಮಾನ್ಯವಾಗಿ ನಿಮಿಷಕ್ಕೆ 3600 ಸುತ್ತು, 50 ಹರ್ಟ್ಸ್‌ಗೆ 3000. ನೀವು ಒಂದು ಫೋನ್ ಚಾರ್ಜ್ ಮಾಡುತ್ತಿದ್ದರೂ ಅದು ಅಷ್ಟೇ ವೇಗದಲ್ಲಿ ಅರಚುತ್ತದೆ.

ಇನ್ವರ್ಟರ್ ಮಾದರಿಯಲ್ಲಿ ಈ ಕಟ್ಟು ಬಿಚ್ಚಿದ್ದಾರೆ. ಇಂಜಿನ್ ಹುಟ್ಟಿಸಿದ ಕರೆಂಟನ್ನು ಯಂತ್ರ ಮೊದಲು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್ ಮಾಡುತ್ತದೆ. ಆಮೇಲೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಅದರಿಂದ ಮನೆಗೆ ಬರುವಂಥ ನಯವಾದ ಪರ್ಯಾಯ ಕರೆಂಟ್ ಮಾಡಿಕೊಡುತ್ತದೆ. ಹಾಗಾಗಿ ಕೆಲಸ ಕಡಿಮೆ ಇದ್ದಾಗ ಇಂಜಿನ್ ನಿಧಾನಕ್ಕೆ ತಿರುಗಬಹುದು. ಇಕೋ ಮೋಡ್ ಅನ್ನುವುದು ಇದನ್ನೇ. ಪೆಟ್ರೋಲ್ ಉಳಿತಾಯವೂ ಸಣ್ಣದಲ್ಲ: ಮೇಲೆ ಹೇಳಿದ ಹೋಂಡಾ 3.6 ಲೀಟರ್ ಟ್ಯಾಂಕಿನಲ್ಲಿ ಪೂರ್ತಿ ಲೋಡ್‌ಗೆ 3 ಗಂಟೆ ಚಿಲ್ಲರೆ, ಕಾಲು ಲೋಡ್‌ಗೆ 8 ಗಂಟೆ ಓಡುತ್ತದೆ. ಕರೆಂಟ್ ಅಲೆಯೂ ಶುದ್ಧವಾಗಿರುವುದರಿಂದ ಲ್ಯಾಪ್‌ಟಾಪ್, ಚಾರ್ಜರ್‌ಗಳಿಗೆ ಅಪಾಯ ಇಲ್ಲ. ಅಲೆಯ ವಿರೂಪ ಶೇ 3ರ ಒಳಗಿದೆಯೇ ಎಂದು ವಿವರಪಟ್ಟಿಯಲ್ಲಿ ನೋಡಿ.

ಒಂದು ಎಚ್ಚರಿಕೆ. ‘ಓಪನ್ ಫ್ರೇಮ್ ಇನ್ವರ್ಟರ್’ ಎಂಬ ಅರ್ಧಂಬರ್ಧ ತಳಿ ಈಗ ಜಾಸ್ತಿ ಬರುತ್ತಿದೆ. ಒಳಗೆ ಇನ್ವರ್ಟರ್ ಇರುತ್ತದೆ, ಆದರೆ ಸುತ್ತ ಸದ್ದು ತಡೆಯುವ ಮುಚ್ಚಿದ ಕವಚ ಇರುವುದಿಲ್ಲ. ಕರೆಂಟ್ ಚೆನ್ನ, ಕಿವಿಗೆ ಅದೇ ಪಾಡು.

ಹಂತ 5: ಡೆಸಿಬಲ್ ಓದಲು ಕಲಿಯಿರಿ

ಡೆಸಿಬಲ್ ಅಡಿಪಟ್ಟಿಯ ಹಾಗೆ ಸಮವಾಗಿ ಏರುವುದಿಲ್ಲ. 10 ಡೆಸಿಬಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡು ಪಟ್ಟು ಅನ್ನಿಸುತ್ತದೆ. ತೆರೆದ ಬಯಲಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದೇ ಥರದ ಎರಡು ಯಂತ್ರ ಒಟ್ಟಿಗೆ ಓಡಿದರೆ 3 ಡೆಸಿಬಲ್ ಏರುತ್ತದೆ. ಈ ಮೂರು ತಲೆಯಲ್ಲಿದ್ದರೆ ಯಾವ ಜಾಹೀರಾತೂ ನಿಮ್ಮನ್ನು ಏಮಾರಿಸಲಾರದು.

ಯಾವುದೇ ಅಂಕಿ ಕಂಡಾಗ ಎರಡು ಪ್ರಶ್ನೆ ಕೇಳಿ. ಎಷ್ಟು ದೂರದಿಂದ ಅಳೆದದ್ದು? ಎಷ್ಟು ಲೋಡ್‌ನಲ್ಲಿ? ಹೆಚ್ಚಿನ ಕಂಪನಿಗಳು 7 ಮೀಟರ್ ದೂರದಿಂದ, ಕಾಲು ಲೋಡ್‌ನಲ್ಲಿ ಅಳೆದು ಹೇಳುತ್ತವೆ. ಎರಡೂ ಹೇಳದೆ ಬರೀ ‘52 ಡೆಸಿಬಲ್’ ಎಂದು ಬಿಟ್ಟಿದ್ದರೆ ಆ ಅಂಕಿಯನ್ನು ಹೋಲಿಕೆಗೆ ಬಳಸಬೇಡಿ. ಪೂರ್ತಿ ಲೋಡ್‌ನ ಅಂಕಿಯನ್ನೂ ಧೈರ್ಯವಾಗಿ ಅಚ್ಚು ಹಾಕುವ ಕಂಪನಿ ನನಗೆ ಇಷ್ಟ.

ಯುರೋಪಿನ ಲೇಬಲ್ ನೋಡಿ ಗಾಬರಿ ಆಗಬೇಡಿ. ಅಲ್ಲಿ ಕಡ್ಡಾಯವಾಗಿ ಬರೆಯುವುದು ಯಂತ್ರ ಹೊರಹಾಕುವ ಒಟ್ಟು ಧ್ವನಿಶಕ್ತಿ, ದೂರದಿಂದ ಕೇಳುವ ಸದ್ದಲ್ಲ. ಅಲ್ಲಿನ 90 ಅನ್ನು 7 ಮೀಟರ್ ಲೆಕ್ಕಕ್ಕೆ ತಂದರೆ ಸುಮಾರು 65. ಅಂದಾಜಿಗೆ 25 ಕಳೆದರೆ ಆಯಿತು.

ಇಷ್ಟೆಲ್ಲ ಅಂಕಿ ಯಾಕೆ ಎಂದರೆ ನಿಯಮಗಳು ಕೂಡ ಅಂಕಿಯಲ್ಲೇ ಇವೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಜನರೇಟರ್ ಸದ್ದು 50 ಅಡಿ ದೂರದಲ್ಲಿ 60 ಡೆಸಿಬಲ್ ಮೀರಬಾರದು. ಒಳ್ಳೆಯ ಇನ್ವರ್ಟರ್ ಯಂತ್ರಕ್ಕೆ ಇದು ಕಷ್ಟವೇ ಅಲ್ಲ. ಆದರೆ ನಿಯಮ ಪಾಸಾಗುವುದು ಬೇರೆ, ಪಕ್ಕದವರ ನಿದ್ದೆ ಬೇರೆ. ರಾತ್ರಿ ಮೌನದ ಸಮಯ ಒಂದೊಂದು ಕ್ಯಾಂಪಿಗೆ ಒಂದೊಂದು ಥರ ಇರುತ್ತದೆ. ಕೆಲವು ಕಡೆ ಹಗಲಲ್ಲೂ ಇಂತಿಷ್ಟು ಗಂಟೆ ಮಾತ್ರ ಓಡಿಸಬಹುದು, ಕ್ಯಾಂಪಿನ ಕೆಲವು ಸಾಲುಗಳಲ್ಲಿ ಜನರೇಟರ್ ಓಡಿಸುವಂತೆಯೇ ಇಲ್ಲ. ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಅಂಕಿಗೆ ಸಿಗದ ಇನ್ನೊಂದು ವಿಷಯ ಇದೆ. ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುವ ಸದ್ದಿಗೆ ಕಿವಿ ಹತ್ತು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಏರಿ, ಇಳಿದು, ಮತ್ತೆ ಏರುವ ಸದ್ದಿಗೆ ಹೊಂದಿಕೊಳ್ಳುವುದೇ ಇಲ್ಲ. ಕಂಪ್ರೆಸರ್ ಆನ್-ಆಫ್ ಆಗುವ ಗಾಡಿಯಲ್ಲಿ ಇಕೋ ಮೋಡ್ ಇದನ್ನೇ ಮಾಡುತ್ತದೆ. ಅಂಥ ಹೊತ್ತಿನಲ್ಲಿ ಇಕೋ ಆಫ್ ಮಾಡಿದರೆ ಸದ್ದು ಸ್ವಲ್ಪ ಜಾಸ್ತಿ ಆದರೂ ಕಿರಿಕಿರಿ ಕಡಿಮೆ. ಎಸಿ ಎಬ್ಬಿಸುವಾಗಲೂ ಇಕೋ ಆಫ್ ಇರುವುದು ಒಳ್ಳೆಯದು, ಇಂಜಿನ್ ಮೊದಲೇ ವೇಗದಲ್ಲಿರುತ್ತದೆ.

ಹಂತ 6: ಒಂದು ದೊಡ್ಡದಾ, ಎರಡು ಚಿಕ್ಕದಾ?

ಹೋಂಡಾ ಇಯು2200ಐ ಸುಮಾರು 21 ಕೆಜಿ. ಹೋಂಡಾ ಇಯು3000ಐಎಸ್ ಸುಮಾರು 60 ಕೆಜಿ. ಮೊದಲನೆಯದನ್ನು ಒಬ್ಬರೇ ಎತ್ತಿ ಡಿಕ್ಕಿಯಿಂದ ಇಳಿಸಬಹುದು. ಎರಡನೆಯದಕ್ಕೆ ಇಬ್ಬರು ಬೇಕು, ಜೊತೆಗೆ ಸೊಂಟ ಗಟ್ಟಿ ಇರಬೇಕು. ಇದೇ ಶಕ್ತಿಯ ಹಗುರ ಮಾದರಿಗಳೂ ಈಗ ಇವೆ, ಆದರೂ ತೂಕವನ್ನು ಕಾಗದದಲ್ಲಿ ನೋಡಿ ನಂಬಬೇಡಿ, ಸಾಧ್ಯವಾದರೆ ಎತ್ತಿ ನೋಡಿ.

ನನ್ನ ಒಲವು ಪ್ಯಾರಲಲ್ ಜೋಡಣೆಯ ಕಡೆಗೆ. ಒಂದೇ ಕಂಪನಿಯ ಎರಡು ಚಿಕ್ಕ ಜನರೇಟರ್‌ಗಳನ್ನು ವಿಶೇಷ ಕೇಬಲ್ ಮೂಲಕ ಸೇರಿಸಿದರೆ ಶಕ್ತಿ ಕೂಡುತ್ತದೆ. ಹೆಚ್ಚು ದಿನ ಒಂದನ್ನೇ ಓಡಿಸಿ, ಸೆಕೆ ದಿನಗಳಲ್ಲಿ ಎರಡನ್ನೂ ಇಳಿಸಿ. ಒಂದು ಕೆಟ್ಟರೆ ಇನ್ನೊಂದು ಇದೆ. ಆದರೆ ಎರಡು ಇಂಜಿನ್ ಅಂದರೆ ಎರಡು ಸಲ ಆಯಿಲ್ ಬದಲಿಸಬೇಕು, ಎರಡು ಟ್ಯಾಂಕ್ ತುಂಬಬೇಕು. ಮೊದಲು ಒಂದು ಕೊಳ್ಳಿ. ಪ್ಯಾರಲಲ್ ಸೌಲಭ್ಯ ಇರುವುದನ್ನೇ ಕೊಳ್ಳಿ. ಎರಡನೆಯದು ನಿಜವಾಗಿ ಬೇಕಾ ಎಂದು ಒಂದು ಬೇಸಿಗೆ ಹೇಳುತ್ತದೆ.

ಹಂತ 7: ಇಂಧನ

ಪೆಟ್ರೋಲ್ ಎಲ್ಲೆಡೆ ಸಿಗುತ್ತದೆ, ಹೆಚ್ಚು ಶಕ್ತಿ ಕೊಡುತ್ತದೆ. ಆದರೆ ವಾಸನೆ ಬರುತ್ತದೆ, ಹೆಚ್ಚು ದಿನ ಇಟ್ಟರೆ ಹಳಸುತ್ತದೆ, ಅಂಟಾಗಿ ಕಾರ್ಬೊರೇಟರ್ ಕಟ್ಟುತ್ತದೆ. ಪ್ರೊಪೇನ್ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಗಾಡಿಯಲ್ಲಿ ಅಡುಗೆಗೆ ಹೇಗೂ ಸಿಲಿಂಡರ್ ಇರುತ್ತದೆ. ಬದಲಿಗೆ ಸುಮಾರು ಶೇ 10ರಷ್ಟು ಶಕ್ತಿ ಹೋಗುತ್ತದೆ, ತುಂಬಾ ಚಳಿಯಲ್ಲಿ ಸಿಲಿಂಡರ್ ಸೋಮಾರಿ ಆಗುತ್ತದೆ. ಅಪರೂಪಕ್ಕೆ ಕ್ಯಾಂಪಿಗೆ ಹೋಗುವವರಿಗೆ ಎರಡರಲ್ಲೂ ಓಡುವ ಡ್ಯುಯಲ್ ಫ್ಯೂಯಲ್ ಮಾದರಿ ಸರಿ.

ಹಂತ 8: ಸಾಕೆಟ್ ಮತ್ತು ನ್ಯೂಟ್ರಲ್

ಅಮೆರಿಕ, ಕೆನಡಾ ಕಡೆಯ 30 ಆಂಪಿಯರ್ ಗಾಡಿಗೆ ಬೇಕಾದ ಸಾಕೆಟ್ ಎಲ್ಲ ಸಣ್ಣ ಜನರೇಟರ್‌ಗಳಲ್ಲಿ ಇರುವುದಿಲ್ಲ. ಕೆಲವುದರಲ್ಲಿ ತಿರುಗಿಸಿ ಬಿಗಿಯುವ ಸಾಕೆಟ್ ಇರುತ್ತದೆ, ಅದಕ್ಕೊಂದು ಅಡಾಪ್ಟರ್ ಬೇಕು. 50 ಆಂಪಿಯರ್ ಗಾಡಿಯನ್ನೂ ಅಡಾಪ್ಟರ್ ಹಾಕಿ ಸಣ್ಣ ಜನರೇಟರ್‌ಗೆ ಸೇರಿಸಬಹುದು. ಅಡಾಪ್ಟರ್ ಹಾಕಿದಾಕ್ಷಣ ಶಕ್ತಿ ಹೆಚ್ಚುವುದಿಲ್ಲ ಎಂಬುದು ನೆನಪಿರಲಿ.

ಹೊಸಬರನ್ನು ಕಾಡುವ ಒಂದು ಸಂಗತಿ ಹೇಳಿಬಿಡುತ್ತೇನೆ. ಹೊಸ ಜನರೇಟರ್ ಜೋಡಿಸುತ್ತೀರಿ. ಗಾಡಿಯ ಸರ್ಜ್ ಪ್ರೊಟೆಕ್ಟರ್ (ಕೆಟ್ಟ ಕರೆಂಟ್ ಒಳಗೆ ಬರದಂತೆ ತಡೆಯುವ ಸಾಧನ) ‘ಗ್ರೌಂಡ್ ಇಲ್ಲ’, ಅಂದರೆ ಅರ್ತಿಂಗ್ ಇಲ್ಲ ಎಂದು ದೂರಿ ಕರೆಂಟನ್ನೇ ಒಳಗೆ ಬಿಡುವುದಿಲ್ಲ. ಜನರೇಟರ್ ಕೆಟ್ಟಿಲ್ಲ. ಹೆಚ್ಚಿನ ಸಣ್ಣ ಇನ್ವರ್ಟರ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹರಿಯುವ ತಂತಿ) ಮತ್ತು ಗ್ರೌಂಡ್ ಒಂದಕ್ಕೊಂದು ಸೇರಿರುವುದಿಲ್ಲ, ಪ್ರೊಟೆಕ್ಟರ್ ಅದನ್ನು ದೋಷ ಎಂದುಕೊಳ್ಳುತ್ತದೆ. ಈ ಎರಡನ್ನೂ ಸೇರಿಸಲೆಂದೇ ಬಾಂಡಿಂಗ್ ಪ್ಲಗ್ ಸಿಗುತ್ತದೆ. ಜನರೇಟರ್‌ನ ಖಾಲಿ ಸಾಕೆಟ್‌ಗೆ ಚುಚ್ಚಿದರೆ ಸರಿಹೋಗುತ್ತದೆ. ಅದನ್ನು ಜನರೇಟರ್‌ಗೆ ಮಾತ್ರ ಬಳಸಿ, ಗಾಡಿಯ ಒಳಗಿನ ಸಾಕೆಟ್‌ಗಾಗಲಿ ಕ್ಯಾಂಪಿನಲ್ಲಿ ಕರೆಂಟ್ ಕೊಡುವ ಕಂಬಕ್ಕಾಗಲಿ ಬೇಡ. ಪ್ಲಗ್ ಹಾಕುವ ಮೊದಲು ನಿಮ್ಮ ಮಾದರಿಯ ಕೈಪಿಡಿ ಓದಿ.

ಅರಣ್ಯ ಪ್ರದೇಶಗಳಿಗೆ ಹೋಗುವವರು ಕಿಡಿ ತಡೆಯುವ ಜಾಲರಿ, ಅಂದರೆ ಸ್ಪಾರ್ಕ್ ಅರೆಸ್ಟರ್ ಇದೆಯೇ ನೋಡಿ. ಹಲವು ಕಡೆ ಅದು ಕಡ್ಡಾಯ.

ಹಂತ 9: ಹೊಗೆ, ಆಮೇಲೆ ಸದ್ದು

ಯಂತ್ರ ಎಲ್ಲಿಡಬೇಕು ಎನ್ನುವುದನ್ನು ಮೊದಲು ನಿರ್ಧರಿಸುವುದು ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಜನರೇಟರ್ ಗಾಡಿಯಿಂದ ಕನಿಷ್ಠ 6 ಮೀಟರ್ ದೂರ ಇರಲಿ. ಹೊಗೆ ಕೊಳವೆ ನಿಮ್ಮ ಗಾಡಿಗೂ ಬೇರೆಯವರ ಗಾಡಿಗೂ ಬೆನ್ನು ಮಾಡಿರಲಿ. ಕಿಟಕಿ, ಗಾಳಿಗೂಡಿನ ಕೆಳಗೆ, ಮೇಲ್ಚಾಚಿದ ಬಟ್ಟೆ ಚಪ್ಪರದ ಅಡಿಯಲ್ಲಿ ಬೇಡವೇ ಬೇಡ. ಗಾಳಿ ತಿರುಗಿದರೆ ನೀವೂ ಯಂತ್ರ ತಿರುಗಿಸಿ.

ಹೊಸ ಮಾದರಿಗಳಲ್ಲಿ ವಿಷಗಾಳಿ ಹೆಚ್ಚಾದರೆ ತಾನೇ ನಿಲ್ಲುವ ಸೆನ್ಸರ್ ಇರುತ್ತದೆ. ಅದು ಇರುವುದನ್ನೇ ಕೊಳ್ಳಿ. ಆದರೆ ಅದು ಮೂಸುವುದು ಜನರೇಟರ್ ಸುತ್ತಲಿನ ಗಾಳಿಯನ್ನು, ನಿಮ್ಮ ಮಲಗುವ ಕೋಣೆಯನ್ನಲ್ಲ. ಒಳಗೆ ಬೇರೆ ಅಲಾರಂ ಇರಲೇಬೇಕು. ಆ ಅಲಾರಂಗೂ ವಾಯಿದೆ ಇದೆ, ಹಿಂದೆ ಬರೆದ ದಿನಾಂಕ ನೋಡಿ. ಜನರೇಟರ್ ಓಡುತ್ತಿರುವಾಗ ಮಲಗುವ ಅಭ್ಯಾಸವೇ ಬೇಡ.

ಹೊಗೆಯ ದಿಕ್ಕು ಸರಿಯಾದ ಮೇಲೆ ಸದ್ದು. ಗಟ್ಟಿ ಸಮತಟ್ಟು ನೆಲದ ಮೇಲೆ ದಪ್ಪ ರಬ್ಬರ್ ಹಾಸಿ ಇಡಿ, ನಡುಕ ನೆಲಕ್ಕೆ ಇಳಿಯುವುದಿಲ್ಲ. ಗಾಡಿಯ ಲೋಹದ ಮೈಗೆ ಎದುರಾಗಿ ಇಟ್ಟರೆ ಸದ್ದು ಬಡಿದು ವಾಪಸ್ ಬರುತ್ತದೆ. ಉದ್ದ ವೈರ್ ಹಾಕಿ ದೂರ ಇಡುವುದು ಒಳ್ಳೆಯದು, ಆದರೆ ವೈರ್ ದಪ್ಪಗಿರಬೇಕು, ತೆಳುವಾದರೆ ಎಸಿ ಶುರುವಾಗುವಾಗ ವೋಲ್ಟೇಜ್ ಬೀಳುತ್ತದೆ. ದೂರ ಇಡುವ ಭರದಲ್ಲಿ ಪಕ್ಕದವರ ಕಿಟಕಿ ಕೆಳಗೆ ಇಟ್ಟು ಬಂದವರನ್ನೂ ನೋಡಿದ್ದೇನೆ! ಸದ್ದು ತಡೆಯಲು ಮರದ ಪೆಟ್ಟಿಗೆ ಕಟ್ಟಿ ಮುಚ್ಚುವ ಐಡಿಯಾ ಬಿಟ್ಟುಬಿಡಿ. ಇಂಜಿನ್ ಕಾದು ಸಾಯುತ್ತದೆ, ಬೆಂಕಿಯೂ ಹತ್ತಬಹುದು.

ಹಂತ 10: ಓಡಿಸುವ ಗಂಟೆಗಳನ್ನೇ ಕಡಿಮೆ ಮಾಡಿ

ಗಾಡಿಗೆ ಒಳ್ಳೆಯ ಬ್ಯಾಟರಿ ಇದ್ದರೆ ಜನರೇಟರ್ ದಿನಕ್ಕೆ ಎರಡು ಗಂಟೆ ಓಡಿದರೆ ಸಾಕಾಗಬಹುದು. 100 ಆಂಪಿಯರ್-ಅವರ್‌ನ 12 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1280 ವ್ಯಾಟ್-ಅವರ್ ಇರುತ್ತದೆ. ದೀಪ, ಫ್ಯಾನ್, ನೀರಿನ ಪಂಪ್, ಫೋನ್‌ಗಳಿಗೆ ಒಂದು ರಾತ್ರಿಗೆ ಧಾರಾಳ. ಹಳೆಯ ಲೆಡ್ ಆ್ಯಸಿಡ್ ಬ್ಯಾಟರಿ ಇದ್ದವರು ಬೆಳಗ್ಗೆ ಜನರೇಟರ್ ಓಡಿಸಿ. ಶೇ 80 ತುಂಬುವವರೆಗೆ ಅದು ಬೇಗ ಕುಡಿಯುತ್ತದೆ, ಉಳಿದ ಶೇ 20ಕ್ಕೆ ಗಂಟೆಗಟ್ಟಲೆ ಎಳೆದಾಡುತ್ತದೆ. ಆ ಉಳಿದದ್ದನ್ನು ಸೋಲಾರ್ ಪ್ಯಾನೆಲ್‌ಗೆ ಬಿಡಿ. ಜನ ಸಂಜೆ ಹೊರಗೆ ಕೂರುವ ಹೊತ್ತಿಗೇ ಜನರೇಟರ್ ಹಚ್ಚುವುದು ರೂಢಿ, ಆದರೆ ಅದೇ ತಪ್ಪು ಹೊತ್ತು.

ಹಂತ 11: ಹೊರಡುವ ಮೊದಲು, ಬಂದ ಮೇಲೆ

ಹೊಸ ಜನರೇಟರ್ ಸಾಮಾನ್ಯವಾಗಿ ಆಯಿಲ್ ಇಲ್ಲದೆ ಬರುತ್ತದೆ. ಮೊದಲು ಆಯಿಲ್ ತುಂಬಿ. ಮನೆಯ ಹೊರಗೆ ಗಾಡಿಗೆ ಜೋಡಿಸಿ, ಹಂತ 1ರ ಹಾಳೆ ಹಿಡಿದು ಒಂದೊಂದೇ ಉಪಕರಣ ಹಚ್ಚುತ್ತಾ ಹೋಗಿ. ಎಲ್ಲಿ ಓವರ್‌ಲೋಡ್ ದೀಪ ಹತ್ತುತ್ತದೆ ಎಂದು ಬರೆದಿಡಿ. 7 ಮೀಟರ್ ದೂರ ನಿಂತು ಫೋನ್‌ನ ಡೆಸಿಬಲ್ ಆ್ಯಪ್‌ನಲ್ಲಿ ಅಳೆಯಿರಿ. ಆ್ಯಪ್ ಕರಾರುವಾಕ್ಕಲ್ಲ, ಆದರೆ ಕಾಲು ಲೋಡ್‌ಗೂ ಎಸಿ ಲೋಡ್‌ಗೂ ಇರುವ ವ್ಯತ್ಯಾಸ ಚೆನ್ನಾಗಿ ತೋರಿಸುತ್ತದೆ.

ಮೊದಲ ಆಯಿಲ್ ಬದಲಾವಣೆ ಸಾಮಾನ್ಯವಾಗಿ 20 ಗಂಟೆ ಓಡಿದ ಮೇಲೆ, ನಂತರ ಪ್ರತಿ 100 ಗಂಟೆಗೆ. ಪೆಟ್ರೋಲ್ ತುಂಬುವಾಗ ಇಂಜಿನ್ ನಿಲ್ಲಿಸಿ, ಆರಲು ಬಿಡಿ. ಬಿಸಿ ಸೈಲೆನ್ಸರ್ ಮೇಲೆ ನಾಲ್ಕು ಹನಿ ಬಿದ್ದರೂ ಸಾಕು, ಬೆಂಕಿ.

ಪ್ರವಾಸ ಮುಗಿಸಿ ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಇಲ್ಲವೇ ಪೆಟ್ರೋಲ್ ಹಳಸದಂತೆ ತಡೆಯುವ ಸ್ಟೆಬಿಲೈಸರ್ ದ್ರವ ಬೆರೆಸಿ ಕೆಲವು ನಿಮಿಷ ಓಡಿಸಿ. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಪೆಟ್ರೋಲ್ ವಾಲ್ವ್ ಮುಚ್ಚಿ ಸುಮ್ನೆ ನಿಂತು ನೋಡಿ. ಸ್ವಲ್ಪ ಹೊತ್ತಿಗೆ ಕೆಮ್ಮಿ, ತಡವರಿಸಿ, ತಾನೇ ನಿಲ್ಲುತ್ತದೆ. ಕಾರ್ಬೊರೇಟರ್‌ನಲ್ಲಿ ಅಂಟು ಕಟ್ಟುವಷ್ಟು ಪೆಟ್ರೋಲ್ ಇನ್ನು ಉಳಿದಿಲ್ಲ, ಹೊದಿಕೆ ಹಾಕಿ ಒಳಗಿಡಬಹುದು.